ಕಟ್ಟಿಕೊಂಡ ನಾಝಲ್, ಅವಸರದ ಕೈ

ಊರಿನ ಫ್ಲೆಕ್ಸ್ ಅಂಗಡಿಗೆ ಬರುವ ಆರ್ಡರ್ ಯಾವುದೂ ನಾಳೆಗೆ ಅಂತ ಬರುವುದಿಲ್ಲ. ಜಾತ್ರೆಗೆ ಸ್ವಾಗತ ಕೋರುವ ಬ್ಯಾನರ್, ಗಣಪತಿ ಪೆಂಡಾಲಿನ ಹಿನ್ನೆಲೆ ಪರದೆ, ಶಾಸಕರ ಹುಟ್ಟುಹಬ್ಬ, ಸಂಜೆ ತೀರಿಕೊಂಡ ಹಿರಿಯರಿಗೆ ಬೆಳಗಾಗುವುದರೊಳಗೆ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಬೇಕಾದ ಭಾವಪೂರ್ಣ ಶ್ರದ್ಧಾಂಜಲಿ, ಎಲ್ಲವೂ ಈಗಲೇ ಬೇಕಾದವು. ಇಂಥ ರಾತ್ರಿಗಳಲ್ಲೇ ಹತ್ತಡಿ ಅಗಲದ ಮಷಿನ್ನಿನಿಂದ ಇಂಚಿಂಚೇ ಹೊರಬರುತ್ತಿರುವ ಮುಖದ ಮೇಲೆ ಅಡ್ಡಲಾಗಿ ಒಂದು ಸಣ್ಣ ಗೆರೆ ಮೂಡುತ್ತದೆ. ಗೋಧಿ ಮೈಬಣ್ಣದ ನಡುವೆ ಹಳದಿ-ಹಸಿರು ಛಾಯೆಯ ಗೆರೆ. ಆಪರೇಟರ್ ಹುಡುಗನಿಗೆ ಅಷ್ಟೇ ಸಾಕು. "ಅಣ್ಣಾ, ಮಜೆಂಟಾ ಲೈನ್ ಹೊಡೀತಿದೆ" ಎಂದು ಒಳಗೆ ಕೂಗುತ್ತಾನೆ. ಯಾವ ಬಣ್ಣ ಬಿಟ್ಟುಹೋಗಿದೆ ಎನ್ನುವುದನ್ನು ಉಳಿದ ಬಣ್ಣಗಳೇ ಅವನಿಗೆ ಹೇಳಿರುತ್ತವೆ.

"ಹೊಡಿಯೋ ಹೊಡಿ, ಪಾರ್ಟಿ ಹೊರಗೆ ನಿಂತಿದಾರೆ" ಎಂಬ ಉತ್ತರ ಬರುತ್ತದೆ. ಹುಡುಗ ಸಾಲ್ವೆಂಟ್ ಹೊಡೆಯುವ ಸಿರಿಂಜ್ ಕೈಗೆತ್ತಿಕೊಳ್ಳುತ್ತಾನೆ.

ಈ ಲೇಖನ ಆ ಸಿರಿಂಜಿನ ಬಗ್ಗೆ. ದೊಡ್ಡ ಗಾತ್ರದ ಸಾಲ್ವೆಂಟ್ ಪ್ರಿಂಟರುಗಳಲ್ಲಿ ಇಂಕ್ ಚಿಮ್ಮಿಸುವ ಹೆಡ್ ಹಾಳಾದರೆ ಎಲ್ಲರೂ ಬಯ್ಯುವುದು ಇಂಕನ್ನು, ಇಲ್ಲವೇ ಕರೆಂಟನ್ನು. ಎರಡೂ ತಪ್ಪು ಮಾಡುತ್ತವೆ, ನಿಜ. ಆದರೆ ಈ ಅಂಗಡಿಗಳ ಒಳಹೊರಗನ್ನು ಬಹುಕಾಲದಿಂದ ನೋಡುತ್ತ ಬಂದವನಾಗಿ ನನ್ನ ಅಭಿಪ್ರಾಯ ಬೇರೆ. ಕಟ್ಟಿಕೊಂಡ ನಾಝಲ್, ಅಂದರೆ ಇಂಕ್ ಹೊರಬರುವ ಸೂಕ್ಷ್ಮ ರಂಧ್ರ, ಬಹುಪಾಲು ಬಿಡಿಸಬಹುದಾದದ್ದು. ಅದನ್ನು ಶಾಶ್ವತವಾಗಿ ಕೊಲ್ಲುವುದು ಬಿಡಿಸಲು ಹೋದ ಅವಸರದ ಕೈ. ಹತ್ತಾರು ಸಾವಿರ ರೂಪಾಯಿಯ ಒಂದು ಹೆಡ್ ಹೋದರೆ, ಚದರಡಿ ಲೆಕ್ಕದಲ್ಲಿ ಸಣ್ಣ ಲಾಭಕ್ಕೆ ದುಡಿಯುವ ಅಂಗಡಿಯ ಇಡೀ ಸೀಸನ್ನಿನ ಗಳಿಕೆಯೇ ಕರಗಬಹುದು.

ಒಳಗೆ ಏನಿದೆ

ನಮ್ಮ ಫ್ಲೆಕ್ಸ್ ಅಂಗಡಿಗಳಲ್ಲಿ ಹೆಚ್ಚು ಕಾಣುವ ಕೊನಿಕಾ ಮಿನೋಲ್ಟಾದ 512 ಹೆಡ್ಡನ್ನೇ ತೆಗೆದುಕೊಳ್ಳೋಣ. ಹೆಸರೇ ಹೇಳುವಂತೆ 512 ನಾಝಲ್. ಎರಡು ಸಾಲು, ಸಾಲಿಗೆ 256. ಇಷ್ಟೂ ರಂಧ್ರಗಳು ಕೂತಿರುವುದು ಸುಮಾರು 36 ಮಿಲಿಮೀಟರ್ ಉದ್ದದೊಳಗೆ. ಎರಡೂ ಸಾಲು ಸೇರಿದರೆ ಒಂದು ಮಿಲಿಮೀಟರಿಗೆ ಹದಿನಾಲ್ಕು. ಇದರಲ್ಲಿ 14 ಪಿಕೊಲೀಟರ್ ಹನಿ ಬೀಳಿಸುವ ಮಾದರಿಯೂ ಇದೆ, 42 ಪಿಕೊಲೀಟರಿನದೂ ಇದೆ. 42ರ ಲೆಕ್ಕದಲ್ಲೇ ನೋಡಿದರೂ ಒಂದು ಮಿಲಿಲೀಟರ್ ಇಂಕಿನಲ್ಲಿ ಸುಮಾರು 2.4 ಕೋಟಿ ಹನಿಗಳಿವೆ. ಒಂದೊಂದು ನಾಝಲ್ ಸೆಕೆಂಡಿಗೆ ಏಳು ಸಾವಿರಕ್ಕೂ ಹೆಚ್ಚು ಬಾರಿ ಚಿಮ್ಮಬಲ್ಲದು.

ಚಿಮ್ಮಿಸುವುದು ಪಂಪಲ್ಲ, ಗೋಡೆ. ಪ್ರತಿ ನಾಝಲ್‌ನ ಹಿಂದೆ ಒಂದು ಸಣ್ಣ ಕಾಲುವೆ ಇದ್ದು, ಅದರ ಎರಡು ಬದಿಯ ಗೋಡೆಗಳು ಪೀಜೋ ಸೆರಾಮಿಕ್‌ನವು. ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳುಗಳ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಪಿಯೆರ್ ಮತ್ತು ಜಾಕ್ ಕ್ಯೂರಿ ಸೋದರರು ಕಂಡುಹಿಡಿದರು. ಮರುವರ್ಷವೇ ಅದರ ಉಲ್ಟಾ ಗುಣ, ಅಂದರೆ ವಿದ್ಯುತ್ ಕೊಟ್ಟರೆ ಹರಳು ಆಕಾರ ಬದಲಿಸುತ್ತದೆ ಎನ್ನುವುದೂ ಸಾಬೀತಾಯಿತು. ಪ್ರಿಂಟ್‌ಹೆಡ್ ಬಳಸಿಕೊಳ್ಳುವುದು ಈ ಎರಡನೆಯದನ್ನು. ವೋಲ್ಟೇಜ್ ಬಿದ್ದಾಗ ಗೋಡೆಗಳು ಹೊರಕ್ಕೆ ಬಾಗುತ್ತವೆ, ಕಾಲುವೆ ಹಿಗ್ಗಿ ಇಂಕ್ ಎಳೆದುಕೊಳ್ಳುತ್ತದೆ. ಮರುಕ್ಷಣ ಗೋಡೆಗಳು ಒಳಕ್ಕೆ ಬಂದು ಹನಿ ಹೊರಗೆ ಹಾರುತ್ತದೆ. ಗೋಡೆಯೇ ಬಾಗುವ ಈ ವಿನ್ಯಾಸವನ್ನು ಬೆಳೆಸಿದ್ದು 1990ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಶುರುವಾದ ಝಾರ್ ಕಂಪನಿ. ಅದರ ಲೈಸೆನ್ಸ್ ಪಡೆದು ಜಪಾನಿನ ಕೊನಿಕಾ, ಸೀಕೋ ಮುಂತಾದವರು ತಮ್ಮ ಹೆಡ್‌ಗಳನ್ನು ಮಾಡಿದರು.

ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ಅಕ್ಕಪಕ್ಕದ ಎರಡು ಕಾಲುವೆಗಳಿಗೆ ಇರುವುದು ಒಂದೇ ಗೋಡೆ. ಹಾಗಾಗಿ ನೆರೆಹೊರೆಯ ನಾಝಲ್‌ಗಳು ಒಟ್ಟಿಗೆ ಚಿಮ್ಮಲಾರವು. ಮೂರು ಸರದಿಯಲ್ಲಿ ಚಿಮ್ಮುತ್ತವೆ. ಒಂದು ಗೋಡೆ ಸತ್ತರೆ ಜೋಡಿಯಾಗಿ ಎರಡು ನಾಝಲ್‌ಗೆ ಪೆಟ್ಟು. ಟೆಸ್ಟ್ ಪ್ರಿಂಟಿನಲ್ಲಿ ಪ್ರತಿ ಮೂರನೆಯ ಗೆರೆ ಕ್ರಮವಾಗಿ ಮಾಯವಾಗಿದ್ದರೆ ಅದು ಕೊಳೆಯಲ್ಲ, ಸಿಗ್ನಲ್ಲಿನ ತೊಂದರೆ. ಕೊಳೆ ಎಲ್ಲಿ ಬೇಕಾದರೂ ಕೂರುತ್ತದೆ, ಲೆಕ್ಕ ಇಟ್ಟುಕೊಂಡು ಮೂರು ಮೂರಕ್ಕೆ ಕೂರುವುದಿಲ್ಲ. ಆದರೂ ಇಂಥ ಹೆಡ್‌ಗೆ ಲೀಟರುಗಟ್ಟಲೆ ಸಾಲ್ವೆಂಟ್ ಹೊಡೆದು, ಕಡೆಗೆ ಡ್ರೈವರ್ ಬೋರ್ಡೋ ಕೇಬಲ್ಲೋ ಕೆಟ್ಟಿದೆ ಎಂದು ತಿಳಿಯುವ ಹೊತ್ತಿಗೆ ಒಳ್ಳೆಯ ಹೆಡ್ ನಿಜವಾಗಿಯೂ ಹಾಳಾಗಿರುವುದು ಅಪರೂಪವೇನಲ್ಲ.

ಇಂಕ್ ಏಕೆ ಕಟ್ಟುತ್ತದೆ

ಸಾಲ್ವೆಂಟ್ ಇಂಕಿನಲ್ಲಿ ಮುಖ್ಯವಾಗಿ ಮೂರು ವಸ್ತು: ಬಣ್ಣದ ಪುಡಿ, ಅದನ್ನು ಫ್ಲೆಕ್ಸಿಗೆ ಅಂಟಿಸುವ ರಾಳ, ಎರಡನ್ನೂ ಹೊತ್ತು ತರುವ ದ್ರಾವಕ. ದ್ರಾವಕ ಎಂದರೆ ಸೈಕ್ಲೊಹೆಕ್ಸನೋನ್, ಗ್ಲೈಕಾಲ್ ಈಥರ್ ಬಗೆಯವು. ಫ್ಲೆಕ್ಸಿನ ಮೇಲ್ಮೈಯನ್ನು ಕೊಂಚ ಕರಗಿಸಿ, ಬಣ್ಣವನ್ನು ಒಳಗೆ ಕೂರಿಸಿ, ತಾನು ಆರಿಹೋಗುವುದು ಅದರ ಕೆಲಸ. ಮಳೆ ಬಿಸಿಲಿಗೆ ಬಣ್ಣ ಜಗ್ಗದೆ ನಿಲ್ಲುವುದು ಇದರಿಂದಲೇ. ತೊಂದರೆಯೂ ಇದರಿಂದಲೇ. ಫ್ಲೆಕ್ಸಿನ ಮೇಲೆ ಬೇಗ ಆರಬೇಕಾದ ಇಂಕ್ ನಾಝಲ್‌ನ ಬಾಯಲ್ಲಿ ಆರಲೇಬಾರದು. ಹೆಡ್ ಸುಮ್ಮನೆ ನಿಂತರೆ ಬಾಯಲ್ಲಿರುವ ಇಂಕಿನ ಮೇಲೆ, ಕಾಸಿಟ್ಟ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ರಾಳದ ತೆಳು ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಂತೆ ಮೊದಲು ಹನಿ ಸೊಟ್ಟಗೆ ಬೀಳುತ್ತದೆ, ಆಮೇಲೆ ಬೀಳುವುದೇ ಇಲ್ಲ.

ಇದರಲ್ಲಿ ಒಂದು ಸಮಾಧಾನವಿದೆ. ಈ ರಾಳ ಒಣಗಿದ ಮೇಲೂ ತನ್ನದೇ ದ್ರಾವಕದಲ್ಲಿ ಮತ್ತೆ ಕರಗುತ್ತದೆ. ಯುವಿ ಬೆಳಕಿಗೆ ಗಟ್ಟಿಯಾಗುವ ಇಂಕಿಗೆ ಈ ಭಾಗ್ಯವಿಲ್ಲ. ನಾಝಲ್‌ನಲ್ಲಿ ಗಟ್ಟಿಯಾದರೆ ಮುಗಿಯಿತು. ಸಾಲ್ವೆಂಟ್ ಹೆಡ್‌ಗೆ ಬೇಕಾದದ್ದು ಸರಿಯಾದ ದ್ರಾವಕ, ಅದಕ್ಕಿಂತ ಹೆಚ್ಚಾಗಿ ಸಮಯ. ನಾವು ಕೊಡದೇ ಇರುವುದು ಸಮಯವನ್ನೇ.

ನೀರು ತಾಗಿದರೆ ಕಥೆ ತಿರುಗುತ್ತದೆ. ರಾಳ ಕರಗುವ ಬದಲು ಒಡೆದು ಗಸಿಯಾಗುತ್ತದೆ. ಬೇರೆ ಬೇರೆ ಕಂಪನಿಯ ಇಂಕನ್ನು ಒಂದೇ ಟ್ಯಾಂಕಿಗೆ ಸುರಿದಾಗಲೂ ಹೀಗಾಗಬಹುದು, ಏಕೆಂದರೆ ಒಬ್ಬರ ರಾಳಕ್ಕೆ ಇನ್ನೊಬ್ಬರ ದ್ರಾವಕ ಒಗ್ಗಬೇಕೆಂದೇನಿಲ್ಲ. ಲೀಟರಿಗೆ ಒಂದಿಷ್ಟು ಉಳಿಯುತ್ತದೆಂದು ಇಂಕ್ ಬದಲಿಸುವವರು ಹಳೆಯದನ್ನು ಪೂರ್ತಿ ಖಾಲಿ ಮಾಡಿ, ಪೈಪುಗಳನ್ನು ತೊಳೆದು, ಫಿಲ್ಟರ್ ಹೊಸದು ಹಾಕಿ ಬದಲಿಸಲಿ. ಮೊದಲು ಎರಡನ್ನೂ ಗಾಜಿನ ಲೋಟದಲ್ಲಿ ಬೆರೆಸಿ ಒಂದು ದಿನ ಮುಚ್ಚಿಟ್ಟು ನೋಡಿದರೆ ಇನ್ನೂ ಒಳ್ಳೆಯದು. ತಳದಲ್ಲಿ ಗಸಿ ಕಂಡರೆ ಅದೇ ಉತ್ತರ.

ಗೆರೆ ಓದುವ ವಿದ್ಯೆ

ನುರಿತ ಆಪರೇಟರ್ ಸಿರಿಂಜಿಗೆ ಕೈ ಹಾಕುವ ಮೊದಲು ಟೆಸ್ಟ್ ಪ್ರಿಂಟ್ ತೆಗೆಯುತ್ತಾನೆ. ಒಂದಲ್ಲ, ಸ್ವಲ್ಪ ಬಿಟ್ಟು ಮತ್ತೊಂದು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹರಡಿ ನೋಡುತ್ತಾನೆ. ಈ ಓದು ಗೊತ್ತಿರುವವನಿಗೂ ಗೊತ್ತಿಲ್ಲದವನಿಗೂ ಇರುವ ಅಂತರ ಬಹಳ ದೊಡ್ಡದು.

ಎರಡರಲ್ಲೂ ಅದೇ ಜಾಗದಲ್ಲಿ ಅದೇ ಗೆರೆ ಇಲ್ಲವೆಂದರೆ ಅಲ್ಲಿ ಇಂಕ್ ಒಣಗಿ ಕೂತಿದೆ ಎನ್ನಬಹುದು. ಬಿಟ್ಟುಹೋದ ಗೆರೆಗಳು ಜಾಗ ಬದಲಿಸುತ್ತಿದ್ದರೆ, ಅಂದರೆ ಮೊದಲ ಸಲ ಇಲ್ಲದ್ದು ಎರಡನೇ ಸಲ ಬಂದು, ಬಂದದ್ದು ಮಾಯವಾಗುತ್ತಿದ್ದರೆ, ಅದು ಗಾಳಿ. ಕಾಲುವೆಯೊಳಗೆ ಗುಳ್ಳೆ ಸಿಕ್ಕರೆ ಗೋಡೆಯ ಒತ್ತಡವನ್ನೆಲ್ಲ ಅದೇ ನುಂಗಿ, ಹನಿ ಹೊರಡುವುದಿಲ್ಲ. ಗಾಳಿಗೆ ಬೇಕಾದದ್ದು ನಿಧಾನವಾದ ಒಂದು ಪರ್ಜ್, ಅಂದರೆ ಇಂಕನ್ನು ಒತ್ತಿ ಹೊರಬಿಡುವುದು, ಆಮೇಲೆ ಅರ್ಧ ಗಂಟೆ ಬಿಡುವು. ಪೈಪಿನ ಜಾಯಿಂಟ್ ಸಡಿಲವಾಗಿದೆಯೇ, ಹೆಡ್‌ಗೆ ಇಂಕ್ ಕೊಡುವ ಸಬ್‌ಟ್ಯಾಂಕಿನಲ್ಲಿ ಇಂಕ್ ತಳಕ್ಕೆ ಹೋಗಿತ್ತೇ ಎಂದು ನೋಡಬೇಕು. ಗೆರೆ ಇದ್ದೂ ಓರೆಯಾಗಿದ್ದರೆ ನಾಝಲ್‌ನ ಅಂಚಿಗೆ ಎಳೆಯೋ ಒಣ ಇಂಕೋ ಅಂಟಿದೆ; ಹೊರಗಿನಿಂದ ಒರೆಸಿದರೆ ಸಾಕು.

ಎಲ್ಲಕ್ಕಿಂತ ದಾರಿ ತಪ್ಪಿಸುವುದು ಇನ್ನೊಂದಿದೆ. ಟೆಸ್ಟ್ ಪ್ರಿಂಟ್ ಚೊಕ್ಕಟವಾಗಿರುತ್ತದೆ. ಗಾಢ ಬಣ್ಣದ ಬ್ಯಾನರ್ ಶುರುವಾಗಿ ಎರಡಡಿ ಆಗುವಷ್ಟರಲ್ಲಿ ಬಣ್ಣ ತೆಳುವಾಗುತ್ತ ಹೋಗಿ, ನಾಝಲ್‌ಗಳು ಗುಂಪುಗುಂಪಾಗಿ ನಿಲ್ಲುತ್ತವೆ. ಹೆಡ್ ಕಟ್ಟಿಲ್ಲ, ಅದಕ್ಕೆ ಇಂಕ್ ಸಾಲುತ್ತಿಲ್ಲ. ತುಂಬಿದ ಫಿಲ್ಟರ್, ಹಳೆಯ ಡ್ಯಾಂಪರ್, ಎಲ್ಲೋ ಮಡಿಸಿಕೊಂಡ ಪೈಪ್. ಕೆಲವೇ ನೂರು ರೂಪಾಯಿಯ ಫಿಲ್ಟರ್ ಬದಲಿಸುವ ಬದಲು ಹೆಡ್ ಬಿಚ್ಚುವುದು ಅನ್ಯಾಯ.

ಎಪ್ಸನ್ ಹೆಡ್‌ಗಳಿರುವ ಇಕೋ ಸಾಲ್ವೆಂಟ್ ಮಷಿನ್ನುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಕ್ಯಾಪಿಂಗ್ ಸ್ಟೇಷನ್ನನ್ನು. ಡಿಎಕ್ಸ್5 ಹೆಡ್‌ನಲ್ಲಿ ಎಂಟು ಸಾಲು, ಸಾಲಿಗೆ 180ರಂತೆ 1440 ನಾಝಲ್. ಅದನ್ನು ಮುಚ್ಚುವ ಕ್ಯಾಪಿನ ರಬ್ಬರ್ ಅಂಚಿನಲ್ಲಿ ಒಣ ಇಂಕ್ ಕಟ್ಟಿದ್ದರೆ ರಾತ್ರಿಯಿಡೀ ಗಾಳಿಯಾಡುತ್ತದೆ, ಪಂಪಿಗೆ ಇಂಕ್ ಎಳೆಯಲಾಗುವುದಿಲ್ಲ. ಕ್ಯಾಪಿಗೆ ಕೆಲವು ಹನಿ ಕ್ಲೀನಿಂಗ್ ದ್ರವ ಹಾಕಿ ನೋಡಿ. ಪಂಪ್ ಓಡಿದಾಗ ಅದು ಕೆಳಗೆ ಇಳಿಯದಿದ್ದರೆ ದೋಷ ಹೆಡ್‌ನದಲ್ಲ.

ಬಿಡಿಸುವ ಬಗೆ

ಇಷ್ಟೆಲ್ಲ ನೋಡಿದ ಮೇಲೂ ಒಣಗಿದ ಇಂಕೇ ಕಾರಣ ಎಂದಾದರೆ ಕೆಲಸ ಹೊರಗಿನಿಂದ ಒಳಗೆ ಹೋಗಬೇಕು. ಮೊದಲು ಒರೆಸುವುದು. ಅಂಗಡಿಗಳಲ್ಲಿ ಕೈಗೆ ಸಿಗುವುದು ಬನಿಯನ್ ವೇಸ್ಟ್. ಅದರ ಎಳೆಗಳು ನಾಝಲ್ ಪ್ಲೇಟಿಗೆ ಅಂಟಿ ಹೊಸ ತೊಂದರೆ ತರುತ್ತವೆ. ಎಳೆ ಬಿಡದ ಬಟ್ಟೆಯನ್ನೇ ಬಳಸಬೇಕು, ಅದನ್ನು ಇಂಕ್ ಕಂಪನಿಯದೇ ಕ್ಲೀನಿಂಗ್ ದ್ರವದಲ್ಲಿ ಚೆನ್ನಾಗಿ ನೆನೆಸಿರಬೇಕು, ಒತ್ತಿ ಉಜ್ಜದೆ ಒಂದೇ ದಿಕ್ಕಿಗೆ ಎಳೆಯಬೇಕು. ನಾಝಲ್ ಪ್ಲೇಟಿನ ಮೇಲೆ ಇಂಕ್ ನಿಲ್ಲದಂತೆ ತಡೆಯುವ ತೆಳು ಲೇಪನವಿರುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದಷ್ಟೂ ಅದು ಸವೆಯುತ್ತದೆ. ಸವೆದ ಮೇಲೆ ಇಂಕ್ ಪ್ಲೇಟಿನ ಮೇಲೆ ಹರಡಿ, ಎಷ್ಟು ತೊಳೆದರೂ ಹನಿ ಸೊಟ್ಟಗೇ ಬೀಳುತ್ತದೆ. ಪೇಂಟ್ ಅಂಗಡಿಯ ಥಿನ್ನರ್, ಅಸಿಟೋನ್ ಹತ್ತಿರವೂ ತರಬಾರದು. ಅವು ಇಂಕನ್ನು ಕರಗಿಸಿದಷ್ಟೇ ಚುರುಕಾಗಿ ಹೆಡ್‌ನ ಭಾಗಗಳನ್ನು ಹಿಡಿದಿಟ್ಟಿರುವ ಅಂಟನ್ನೂ ಕೆಡಿಸಬಲ್ಲವು.

ಒರೆಸಿ ಸರಿಹೋಗದಿದ್ದರೆ ನೆನೆಸುವುದು. ಅಗಲವಾದ ತಟ್ಟೆಯಲ್ಲಿ ಎರಡು ಮಿಲಿಮೀಟರಿನಷ್ಟು ದ್ರವ, ಅದರಲ್ಲಿ ನಾಝಲ್ ಪ್ಲೇಟ್ ಮಾತ್ರ ತಾಗುವಂತೆ ಹೆಡ್. ಮೇಲಿನ ಸರ್ಕೀಟಿಗೆ ಒಂದು ಹನಿಯೂ ಹೋಗಬಾರದು. ಕೆಲವು ಗಂಟೆ, ಹಟಮಾರಿಯಾದರೆ ಒಂದು ರಾತ್ರಿ. ಇದು ನೋಡಲು ಏನೂ ಮಾಡದೆ ಕೂತಂತೆ ಕಾಣುತ್ತದೆ, ಅದಕ್ಕೇ ಯಾರೂ ಮಾಡುವುದಿಲ್ಲ. ನನ್ನನ್ನು ಕೇಳಿದರೆ ಇಡೀ ವಿದ್ಯೆಯಲ್ಲಿ ಅತ್ಯಂತ ಫಲ ಕೊಡುವ ಹಂತ ಇದೇ.

ಸಿರಿಂಜಿನ ಸರದಿ ಇದಾದ ಮೇಲೆ. ಮೆಡಿಕಲ್ ಸ್ಟೋರಿನ ಸಿರಿಂಜಿನ ಪಿಸ್ಟನ್ ತುದಿಯಲ್ಲಿ ಕಪ್ಪು ರಬ್ಬರ್ ಇರುತ್ತದೆ. ಸೈಕ್ಲೊಹೆಕ್ಸನೋನ್ ತಾಗಿದರೆ ಅದು ಉಬ್ಬಿ, ಒತ್ತುವಾಗ ಸಿಕ್ಕಿಕೊಳ್ಳುತ್ತದೆ. ಬಲ ಹಾಕಿದಾಗ ಒಮ್ಮೆಲೇ ಜಾರಿ ಹೆಡ್‌ನೊಳಗೆ ಒತ್ತಡ ನುಗ್ಗುತ್ತದೆ. ರಬ್ಬರಿನ ಚೂರೂ ಒಳಗೆ ಹೋಗಬಹುದು. ರಬ್ಬರ್ ಇಲ್ಲದ, ಪೂರ್ತಿ ಪ್ಲಾಸ್ಟಿಕ್ಕಿನ ಸಿರಿಂಜ್ ಬೇಕು, ಅದಕ್ಕೂ ಹೆಡ್‌ಗೂ ನಡುವೆ ಒಂದು ಸಣ್ಣ ಫಿಲ್ಟರ್ ಇರಬೇಕು. ಎರಡು ಬಾಯಿ ಇರುವ ಹೆಡ್‌ಗಳಲ್ಲಿ ಮೊದಲು ಒಂದರಿಂದ ಬಿಟ್ಟು ಇನ್ನೊಂದರಿಂದ ಹೊರಬರುವಂತೆ ತೊಳೆಯಬೇಕು; ಒಳಗಿನ ಹಳೆಯ ಇಂಕ್, ಗಸಿ ಆ ದಾರಿಯಲ್ಲೇ ಹೋಗಲಿ, ನಾಝಲ್ ಕಡೆ ನೂಕಬಾರದು. ದ್ರವ ತಿಳಿಯಾದ ಮೇಲೆ ಹೊರಬಾಯಿ ಮುಚ್ಚಿ, ಹೆಬ್ಬೆರಳಿನ ಅತಿ ಸಣ್ಣ ಒತ್ತಡ. ಹೆಡ್ ಎತ್ತಿ ಬೆಳಕಿಗೆ ಹಿಡಿದರೆ ಪ್ಲೇಟಿನಿಂದ ಸೂಕ್ಷ್ಮ ಎಳೆಗಳು ಸಾಲಾಗಿ ಇಳಿಯುವುದು ಕಾಣುತ್ತದೆ. ಎಲ್ಲಿ ಸಾಲು ಕಡಿದಿದೆಯೋ ಅಲ್ಲೇ ಕಟ್ಟಿರುವುದು. ಅಲ್ಲಿಗೆ ನಿಲ್ಲಿಸಿ ಮತ್ತೆ ನೆನೆಯಲು ಬಿಡಬೇಕು. ಜೋರಾಗಿ ಒತ್ತಿದರೆ ದ್ರವ ತೆರೆದಿರುವ ನಾಝಲ್‌ಗಳಿಂದಲೇ ಓಡುತ್ತದೆ, ಮುಚ್ಚಿದ್ದು ಮುಚ್ಚಿಯೇ ಇರುತ್ತದೆ. ಎಪ್ಸನ್ ಹೆಡ್‌ಗಳಲ್ಲಂತೂ ಹೆಚ್ಚು ಒತ್ತಡಕ್ಕೆ ಒಳಗಿನ ತೆಳು ಪದರ ಬಿಟ್ಟುಕೊಂಡು ಒಂದು ಬಣ್ಣ ಇನ್ನೊಂದಕ್ಕೆ ಸೇರುತ್ತದೆ. ಅದಕ್ಕೆ ಮದ್ದಿಲ್ಲ.

ಅಲ್ಟ್ರಾಸೋನಿಕ್ ಕ್ಲೀನರ್ ಬಗ್ಗೆ ಅಂಗಡಿಗಳಲ್ಲಿ ವಿಪರೀತ ನಂಬಿಕೆ. ಕನ್ನಡಕ, ಒಡವೆ ತೊಳೆಯುವ ಈ ಪೆಟ್ಟಿಗೆಗಳು ಸಾಮಾನ್ಯವಾಗಿ 40 ಕಿಲೋಹರ್ಟ್ಸ್‌ನಲ್ಲಿ ಕಂಪಿಸುತ್ತವೆ. ಆ ಕಂಪನ ಕೊಳೆಯನ್ನು ಬಿಡಿಸುವಂತೆಯೇ ಒಳಗಿನ ಸೂಕ್ಷ್ಮ ತಂತಿಗಳ ಜೋಡಣೆಯನ್ನೂ ಬಿಡಿಸಬಲ್ಲದು. ಬೇರೆ ಎಲ್ಲ ದಾರಿ ಮುಗಿದ ಹೆಡ್‌ಗೆ, ಪ್ಲೇಟ್ ಮಾತ್ರ ಮುಳುಗಿಸಿ, ಕೆಲವೇ ಸೆಕೆಂಡು, ನಡುವೆ ಬಿಡುವು ಕೊಟ್ಟು. ಅದಕ್ಕಿಂತ ಹೆಚ್ಚು ಬೇಡ. ಇನ್ನು, ಹನಿ ಸರಿಯಾಗಿ ಬರುತ್ತಿಲ್ಲವೆಂದು ಸಾಫ್ಟ್‌ವೇರಿನಲ್ಲಿ ವೋಲ್ಟೇಜ್ ಏರಿಸುವವರಿದ್ದಾರೆ. ಪ್ರತಿ ಹೆಡ್ ಮೇಲೂ ಅದಕ್ಕೆ ಹೊಂದುವ ವೋಲ್ಟೇಜನ್ನು ತಯಾರಿಸಿದವರು ಸ್ಟಿಕ್ಕರಿನಲ್ಲಿ ಬರೆದೇ ಕಳಿಸಿರುತ್ತಾರೆ. ಅದನ್ನು ಮೀರಿದರೆ ಒಂದೆರಡು ದಿನ ಗೆರೆ ಹೋದಂತೆ ಕಂಡು, ಇಂಕಿನ ತುಂತುರು ಹೆಚ್ಚಿ, ಹೆಡ್‌ನ ಆಯಸ್ಸು ಇಳಿಯುತ್ತದೆ.

ಮಷಿನ್ ನಿಂತ ದಿನಗಳು

ಚುನಾವಣೆ, ಗಣೇಶ ಚತುರ್ಥಿ, ರಾಜ್ಯೋತ್ಸವ ಬಂದಾಗ ಮಷಿನ್ ಹಗಲೂ ರಾತ್ರಿ ಓಡುತ್ತದೆ. ಆಗ ಹೆಡ್‌ಗೆ ಏನೂ ಆಗುವುದಿಲ್ಲ. ಇಂಕ್ ಹರಿಯುತ್ತಲೇ ಇರುತ್ತದೆ, ಆರಲು ಪುರುಸೊತ್ತಿಲ್ಲ. ಅಪಾಯ ಬರುವುದು ಮದುವೆಗಳಿಲ್ಲದ ಆಷಾಢದಲ್ಲಿ, ಮಳೆ ಹಿಡಿದ ವಾರಗಳಲ್ಲಿ, ಚುನಾವಣೆ ಮುಗಿದ ಮರುದಿನದಿಂದ. ಫ್ಲೆಕ್ಸ್‌ಗೆ ತಡೆ ಬಿದ್ದಾಗಲೂ ಹಾಗೆಯೇ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರದ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸ್, ಬ್ಯಾನರ್‌ಗಳೂ ಸೇರಿದವು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಿನ ಬೀದಿಗಳಿಂದ ಅಕ್ರಮ ಫ್ಲೆಕ್ಸ್‌ಗಳನ್ನು ಕಿತ್ತುಹಾಕಲಾಯಿತು. ಆ ಕ್ರಮಗಳು ಬೇಕಾಗಿದ್ದವೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೆಲಸ ನಿಂತ ಅಂಗಡಿಯಲ್ಲಿ ಬಾಡಿಗೆ, ಸಾಲದ ಕಂತು ನಿಲ್ಲುವುದಿಲ್ಲ, ಜೊತೆಗೆ ಹೆಡ್‌ಗಳೂ ಒಣಗುತ್ತವೆ. ಪಿವಿಸಿಯ ಫ್ಲೆಕ್ಸ್ ಬಿಟ್ಟು ಬಟ್ಟೆಯ ಬ್ಯಾನರ್‌ಗೆ ಹೊರಳಬೇಕೆಂದವರಿಗೂ ಮೊದಲು ಬೇಕಾದದ್ದು ಜೀವಂತವಿರುವ ಹೆಡ್.

ಉಳಿಸಿಕೊಳ್ಳುವುದು ಕಷ್ಟವೇನಲ್ಲ. ದಿನಕ್ಕೊಮ್ಮೆ ಮಷಿನ್ ಆನ್ ಮಾಡಿ ನಾಲ್ಕೂ ಬಣ್ಣದ ಒಂದು ಪಟ್ಟಿ ಹೊಡೆಯಬೇಕು. ಇಂಕ್ ದಂಡವಾಗುತ್ತದೆ ಎನ್ನುವ ಮಾಲೀಕರು ಈ ಲೆಕ್ಕ ನೋಡಲಿ: ನಾಲ್ಕು ಹೆಡ್‌ಗಳ 2048 ನಾಝಲ್‌ಗಳೂ ತಲಾ ಸಾವಿರ ಹನಿ ಉಗುಳಿದರೂ ಖರ್ಚಾಗುವುದು ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ವಾರಗಟ್ಟಲೆ ಬೀಗ ಹಾಕುವುದಾದರೆ ಇಂಕನ್ನು ಪೂರ್ತಿ ತೆಗೆದು, ತೊಳೆದು, ಕ್ಲೀನಿಂಗ್ ದ್ರವ ತುಂಬಿಸಿಯೇ ಹೋಗಬೇಕು. ರಾತ್ರಿ ಹೆಡ್ ಕೆಳಗೆ ಸಾಲ್ವೆಂಟ್ ಹಾಕಿದ ಸ್ಪಂಜ್ ಇಡುವ ರೂಢಿ ಒಳ್ಳೆಯದು, ಸ್ಪಂಜ್ ಪ್ಲೇಟಿಗೆ ತಾಗದಿದ್ದರೆ. ತಾಗಿದರೆ ಅದು ಬೆಳಗಿನವರೆಗೆ ಇಂಕನ್ನು ಹೀರುತ್ತಲೇ ಇರುತ್ತದೆ, ಬಣ್ಣಗಳು ಬೆರೆಯುತ್ತವೆ. ಹೆಡ್‌ಗಳನ್ನು ಹೊತ್ತ ಕ್ಯಾರೇಜ್ ನಿಲ್ಲುವ ಜಾಗಕ್ಕೆ ಫ್ಯಾನ್ ಗಾಳಿ ನೇರ ಬೀಳಬಾರದು, ರಸ್ತೆಯ ಧೂಳು ನುಗ್ಗುವಂತೆ ಶಟರ್ ತೆರೆದಿಡಬಾರದು. ಕರೆಂಟ್ ಹೋದಾಗ ಇಂಕನ್ನು ಹಿಡಿದಿಟ್ಟಿರುವ ನೆಗೆಟಿವ್ ಪ್ರೆಶರ್ ಹೋಗಿ ಹೆಡ್‌ಗಳು ಸೋರುತ್ತವೆ. ಇಡೀ ಮಷಿನ್ನಿಗೆ ಯುಪಿಎಸ್ ಹಾಕಲಾಗದಿದ್ದರೂ ಆ ಪ್ರೆಶರ್ ಕಾಯುವ ಸಣ್ಣ ಪಂಪಿಗಾದರೂ ಹಾಕಬೇಕು.

ಆ ಹುಡುಗನ ಕೈ, ಆ ಹುಡುಗನ ಉಸಿರು

ಇಷ್ಟು ಹೊತ್ತು ಹೆಡ್‌ನ ಆರೋಗ್ಯ ಹೇಳಿದೆ. ಅದನ್ನು ತೊಳೆಯುವವನದ್ದು ಹೇಳದಿದ್ದರೆ ತಪ್ಪಾಗುತ್ತದೆ. ಸೈಕ್ಲೊಹೆಕ್ಸನೋನ್ ಉಸಿರಿನಿಂದ ಮಾತ್ರವಲ್ಲ, ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಕೆಲಸದ ದಿನವೊಂದಕ್ಕೆ ಶಿಫಾರಸು ಮಾಡಿರುವ ಸರಾಸರಿ ಮಿತಿ ಗಾಳಿಯಲ್ಲಿ 25 ಪಿಪಿಎಂ. ಕಣ್ಣು ಉರಿ, ಗಂಟಲು ಕೆರೆತ, ತಲೆನೋವು ಇದರ ಸಾಮಾನ್ಯ ಲಕ್ಷಣಗಳು. "ಅಭ್ಯಾಸ ಆಗೋಗಿದೆ ಸಾರ್" ಎಂದು ಆಪರೇಟರ್‌ಗಳು ಹೇಳುವುದು ಇದನ್ನೇ. ಸಾಲ್ವೆಂಟ್ ಆವಿ ಗಾಳಿಗಿಂತ ಭಾರ. ಸೂರಿನ ಹತ್ತಿರ ಇಟ್ಟ ಎಕ್ಸಾಸ್ಟ್ ಫ್ಯಾನ್ ಒಂದೇ ಸಾಲದು, ನೆಲದ ಮಟ್ಟದಲ್ಲೂ ಒಂದು ಬೇಕು. ನೀಲಿ ನೈಟ್ರೈಲ್ ಗ್ಲೌಸ್ ಈ ದ್ರಾವಕವನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ. ಬ್ಯುಟೈಲ್ ರಬ್ಬರಿನದು ತಡೆಯುತ್ತದೆ. ಸೈಕ್ಲೊಹೆಕ್ಸನೋನ್ ಆವಿ 44 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಿಡಿಗೆ ಹೊತ್ತಿಕೊಳ್ಳಬಲ್ಲದು, ಮಷಿನ್ನಿನ ಹೀಟರ್‌ಗಳು ಓಡುವುದೂ ಅದೇ ಶಾಖದ ಸುತ್ತಮುತ್ತ. ತೊಳೆದ ಕಪ್ಪು ದ್ರವವನ್ನು ಚರಂಡಿಗೆ ಸುರಿಯುವುದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ವಿರುದ್ಧ.

ಈ ಹುಡುಗರಲ್ಲಿ ಹೆಚ್ಚಿನವರು ಯಾವ ತರಬೇತಿಯನ್ನೂ ಪಡೆದವರಲ್ಲ. ಹಿಂದಿನ ಆಪರೇಟರ್ ಬಿಟ್ಟುಹೋಗುವ ಮುನ್ನ ತೋರಿಸಿದ್ದಷ್ಟೇ ಪಾಠ. ಸಿನಿಮಾ ಕಟೌಟ್ ಬರೆಯುತ್ತಿದ್ದ ಕಲಾವಿದರ ಕಾಲದಲ್ಲಿ ಶಿಷ್ಯನಿಗೆ ಮೊದಲ ವರ್ಷ ಕೊಡುತ್ತಿದ್ದ ಕೆಲಸ ಕುಂಚ ತೊಳೆಯುವುದು. ಬಣ್ಣದ ಸ್ವಭಾವ ಕೈಗೆ ಹತ್ತುತ್ತಿದ್ದದ್ದು ಹಾಗೆ. ಈಗ ಕುಂಚದ ಜಾಗಕ್ಕೆ ಎರಡು ಸಾವಿರ ನಾಝಲ್ ಬಂದಿದೆ, ತೊಳೆಯುವುದನ್ನು ಕಲಿಸುವವರಿಲ್ಲ. ನಮ್ಮ ಐಟಿಐಗಳಲ್ಲಿ, ಮುದ್ರಣ ಕಲಿಸುವ ಪಾಲಿಟೆಕ್ನಿಕ್‌ಗಳಲ್ಲಿ ಇದನ್ನು ಒಂದು ಅಲ್ಪಾವಧಿ ಕೋರ್ಸಾಗಿ ಕನ್ನಡದಲ್ಲೇ ಕಲಿಸಬಹುದು. ತಾಲ್ಲೂಕು ತಾಲ್ಲೂಕಿನಲ್ಲೂ ಮಷಿನ್ನುಗಳಿರುವಾಗ ಕಲಿಯುವವರಿಗೆ ಕೊರತೆಯಾಗದು.

ಕೋರ್ಸು ಬರುವವರೆಗೆ ಮಾಲೀಕರು ಕಾಯಬೇಕಾಗಿಲ್ಲ. ಕೆಲಸವಿಲ್ಲದ ತಿಂಗಳಲ್ಲಿ ಆಪರೇಟರ್‌ನನ್ನು ಸಂಬಳವಿಲ್ಲದ ರಜೆಗೆ ಕಳಿಸಬೇಡಿ. ದಿನಕ್ಕೊಂದು ಗಂಟೆಯ ಕೆಲಸಕ್ಕೆ ಪೂರ್ತಿ ಸಂಬಳ ಕೊಟ್ಟು ಉಳಿಸಿಕೊಳ್ಳಿ, ಒಂದು ಜೊತೆ ಸರಿಯಾದ ಗ್ಲೌಸ್ ಮತ್ತು ನೆಲಮಟ್ಟದ ಒಂದು ಎಕ್ಸಾಸ್ಟ್ ಫ್ಯಾನ್ ಕೊಡಿಸಿ. ಗೆರೆ ಕಂಡ ರಾತ್ರಿ ಹೊರಗೆ ನಿಂತ ಪಾರ್ಟಿಗೆ "ಎರಡು ಗಂಟೆ ತಡ ಆಗುತ್ತೆ" ಎಂದು ನೀವೇ ಹೋಗಿ ಹೇಳಿ.